ಮೊದಲು ಏಳಬೇಕಾದದ್ದು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಅಕ್ಕಾವ್ರು ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ ಡಾಕ್ಟರುಗಳೂ ಹಾಗೇ ಕರೆದು ಕರೆದು, ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಗೆ ಬೇರೆ ಹೆಸರೊಂದಿದೆ ಎನ್ನುವುದೇ ಜನರಿಗೆ ಮರೆತುಹೋಗಿತ್ತು. ಮನೆಯಲ್ಲೂ ಅವಳು ಅಕ್ಕನೇ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ತಮ್ಮ ಇನ್ನೂ ಶಾಲೆಯ ಚೀಲ ಹೊರುತ್ತಿದ್ದ. ಅವನ ತಲೆ ಬಾಚಿದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತವಳು, ಕಾಲೇಜಿಗೆ ಸೇರಿಸಿದವಳು ಎಲ್ಲ ಅವಳೇ. ತನ್ನ ಮದುವೆಯ ಮಾತೆತ್ತಿದವರಿಗೆ "ಇವನೊಬ್ಬ ದಡ ಸೇರ್ಲಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು. ಅವನು ದಡ ಸೇರುವ ಹೊತ್ತಿಗೆ ಮಾತೆತ್ತುವವರೇ ಉಳಿದಿರಲಿಲ್ಲ.

ತಮ್ಮನಿಗೆ ಹೆಣ್ಣು ಗೊತ್ತುಮಾಡಿದವಳೂ ಅವಳೇ. ಹುಡುಗಿ ಅವಳ ವಿಭಾಗಕ್ಕೆ ಹೊಸದಾಗಿ ಕೆಲಸಕ್ಕೆ ಸೇರಿದವಳು. ಬಲು ಚುರುಕು, ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿಸಿಕೊಂಡವಳಲ್ಲ. ಸರ್ವರ್ ಕೋಣೆಯ ಚಳಿಯಲ್ಲಿ ಅಕ್ಕ ಸ್ವೆಟರ್ ಹಾಕಿ ಮುದುಡಿ ಕೂತರೆ, ಈ ಹುಡುಗಿ ತೋಳು ಮಡಿಚಿಕೊಂಡು ಕೇಬಲ್‌ಗಳಿಗೆ ಬಣ್ಣಬಣ್ಣದ ಟೇಪ್ ಸುತ್ತುತ್ತಾ ಏನನ್ನೋ ಗುನುಗುತ್ತಿರುವಳು. "ಇಂಥವಳು ನಮ್ಮನೆಗೆ ಬಂದ್ರೆ ಮನೆ ಬೆಳಗುತ್ತೆ" ಎಂದು ಅಕ್ಕನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಮಾಡಿ ಮುಗಿಸುವವರೆಗೆ ಅವಳಿಗೆ ಸಮಾಧಾನವಿಲ್ಲ. ಹುಡುಗಿ ನಾದಿನಿಯಾಗಿ ಮನೆಗೆ ಬಂದಳು. ಆವರೆಗೆ ಅಕ್ಕಾವ್ರೆ ಎನ್ನುತ್ತಿದ್ದವಳು ಅತ್ತಿಗೆ ಎನ್ನತೊಡಗಿದಳು.

ಮನೆ ಬೆಳಗಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಬೆಳಕು ಬಿದ್ದದ್ದು ಅಕ್ಕ ಕೂರುವ ಕಡೆಯಲ್ಲ. ಊಟವಾದ ಮೇಲೆ ತಮ್ಮ ಮೊದಲಿನಂತೆ ಅವಳ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಿರಲಿಲ್ಲ. ಗಂಡ ಹೆಂಡತಿಯ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿತ್ತು, ಒಳಗಿನಿಂದ ನಗು ಕೇಳುತ್ತಿತ್ತು. ಅಡುಗೆಮನೆಯ ಡಬ್ಬಿಗಳು ಜಾಗ ಬದಲಾಯಿಸಿದವು. "ಕೈಗೆ ಸುಲಭವಾಗಿ ಸಿಗ್ಲಿ ಅಂತ ಅತ್ತಿಗೆ" ಎಂದಳು ನಾದಿನಿ. ಸಕ್ಕರೆ ಎಂದುಕೊಂಡು ಟೀಗೆ ಉಪ್ಪು ಹಾಕಿಕೊಂಡ ಅಕ್ಕ ಅದನ್ನು ಪೂರ್ತಿ ಕುಡಿದು ಮುಗಿಸಿದಳು.

ಇದನ್ನೆಲ್ಲ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಒಂದು ಬೆಳಿಗ್ಗೆ ನಾದಿನಿ ಬಟ್ಟೆ ಒಣಹಾಕುತ್ತಾ, "ಅವ್ರಿಗೆ ಪ್ರಮೋಷನ್ ಆಯ್ತಲ್ಲ ಅತ್ತಿಗೆ, ಅಂತೂ ಒಳ್ಳೇದಾಯ್ತು" ಎಂದಳು.

"ಯಾವಾಗ?"

"ಅಯ್ಯೋ, ಹೇಳಿಲ್ವಾ ನಿಮಗೆ? ಹೋದ ವಾರಾನೇ. ಮರ್ತಿರ್ಬೇಕು ಪಾಪ."

ಪರೀಕ್ಷೆಯಲ್ಲಿ ಒಂದು ಅಂಕ ಹೆಚ್ಚು ಬಂದರೂ ಬೀದಿಯ ತುದಿಯಿಂದಲೇ "ಅಕ್ಕಾ" ಎಂದು ಕೂಗುತ್ತಾ ಓಡಿಬರುತ್ತಿದ್ದ ಹುಡುಗ ಅವನು. ತಮ್ಮನ ಮೇಲೆ ಸಿಟ್ಟು ಬರಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಂಡು ಅವಳಿಗೆ ಅಭ್ಯಾಸವೇ ಇರಲಿಲ್ಲ. ಬಂದದ್ದೆಲ್ಲ ನಾದಿನಿಯ ಮೇಲೆ, ಅದರಲ್ಲೂ "ಪಾಪ" ಎಂದಳಲ್ಲ, ಆ ಮಾತಿನ ಮೇಲೆ.

ಅದೇ ಸುಮಾರಿಗೆ ಆಸ್ಪತ್ರೆಗೆ ಹೊಸ ಸ್ಟೋರೇಜ್ ಬಂತು. ಎಕ್ಸ್‌ರೇ, ಸ್ಕ್ಯಾನ್‌ಗಳ ಚಿತ್ರಗಳನ್ನೆಲ್ಲ ಇಡುವ, ಬೀರುವಿನಷ್ಟು ಎತ್ತರದ ಡಿಸ್ಕುಗಳ ಪೆಟ್ಟಿಗೆ. ನಿರ್ದೇಶಕರು ಅಕ್ಕನನ್ನು ಕರೆಸಿ, "ಇದು ಹೊಸ ಕಾಲದ್ದು ಅಕ್ಕಾವ್ರೆ. ನಿಮ್ಮ ತಮ್ಮನ ಹೆಂಡ್ತಿ ನೋಡ್ಕೊಳ್ಳಲಿ. ನೀವು ಮೇಲಿಂದ ಒಂದು ಕಣ್ಣಿಟ್ಟಿರಿ, ಸಾಕು" ಎಂದರು. ಅಕ್ಕ ನಕ್ಕು ತಲೆಯಾಡಿಸಿದಳು. ಲಿಫ್ಟಿನಲ್ಲಿ ಇಳಿಯುವಾಗ, ಸೋರುವ ಕಿವಿಗೆ ಹತ್ತಿ ಇಟ್ಟುಕೊಂಡು ಸ್ಟೂಲ್ ಮೇಲೆ ಕೂತು ಗುಂಡಿ ಒತ್ತುವ ಲಿಫ್ಟ್ ತಾತ "ಏನಮ್ಮಾ, ಮುಖ ಸಪ್ಪಗಿದೆ?" ಎಂದು ಕೇಳಿದ. "ಏನಿಲ್ಲ ತಾತ, ವಯಸ್ಸಾಯ್ತಂತೆ ನನಗೆ" ಎಂದಳು. "ನಿಮಗೇ ವಯಸ್ಸಾದ್ರೆ ನನ್ನ ಯಾವತ್ತೋ ಹೂತಿರ್ಬೇಕಿತ್ತು" ಎಂದು ತಾತ ಬೊಚ್ಚು ಬಾಯಲ್ಲಿ ನಕ್ಕ.

ಸ್ಟೋರೇಜ್‌ಗೂ, ಅದರೊಳಗಿನ ಚಿತ್ರಗಳನ್ನು ಆಸ್ಪತ್ರೆಯ ಪರದೆಗಳಿಗೆಲ್ಲ ಕಳಿಸುವ ಲಿನಕ್ಸ್ ಸರ್ವರ್‌ಗೂ ಮಧ್ಯೆ ಎರಡು ಕೇಬಲ್. ಒಂದು ಹೋದರೂ ಇನ್ನೊಂದರ ಮೇಲೆ ಕೆಲಸ ನಿಲ್ಲದೆ ನಡೆಯಬೇಕು. ಆದರೆ ಸರ್ವರ್‌ಗೆ ಅಷ್ಟು ಬುದ್ಧಿ ತಾನಾಗಿ ಬರುವುದಿಲ್ಲ. ಎರಡು ಕೇಬಲ್ ಕಂಡರೆ ಎರಡು ಡಿಸ್ಕ್ ಇವೆ ಎಂದುಕೊಳ್ಳುತ್ತದೆ. ಇವು ಎರಡಲ್ಲ, ಒಂದೇ ಮನೆಗೆ ಹೋಗುವ ಎರಡು ದಾರಿ ಎಂದು ಅದಕ್ಕೆ ತಿಳಿಸಿಕೊಡಲು ಮಲ್ಟಿಪಾತ್ ಎನ್ನುವ ಪ್ರೋಗ್ರಾಂ ಬೇಕು. ಸರ್ವರ್ ಆನ್ ಆದಾಗ ಒಂದರ ಹಿಂದೊಂದು ಓಡುವ ಸ್ಕ್ರಿಪ್ಟುಗಳೆಂಬ ಆದೇಶದ ಪಟ್ಟಿಗಳಲ್ಲಿ ಮೊದಲು ಅದು ಏಳಬೇಕು, ಡಿಸ್ಕ್ ತೆರೆಯುವ ಸ್ಕ್ರಿಪ್ಟ್ ಅದರ ಹಿಂದೆ. ಹಿಂದುಮುಂದಾದರೆ ಡಿಸ್ಕ್ ತೆರೆಯುವ ಸ್ಕ್ರಿಪ್ಟ್ ಮೊದಲು ಕಣ್ಣಿಗೆ ಬಿದ್ದ ದಾರಿಯನ್ನೇ ಗಟ್ಟಿಯಾಗಿ ಹಿಡಿದುಬಿಡುತ್ತದೆ. ಮಲ್ಟಿಪಾತ್ ಆಮೇಲೆ ಎದ್ದು ಬಂದು ಮಾಡುವುದೇನೂ ಉಳಿದಿರುವುದಿಲ್ಲ. ಹೊರಗಿನವರ ಕಣ್ಣಿಗೆ ಎಲ್ಲ ಸುಸೂತ್ರ. ಚಿತ್ರಗಳು ಬರುತ್ತವೆ, ಹೋಗುತ್ತವೆ. ಆದರೆ ಸರ್ವರ್ ಒಂಟಿಕಾಲಲ್ಲಿ ನಿಂತಿರುತ್ತದೆ.

ನಾದಿನಿ ಎಲ್ಲವನ್ನೂ ಮೊದಲು ಕೈಯಿಂದಲೇ ಸರಿಯಾದ ಕ್ರಮದಲ್ಲಿ ಓಡಿಸಿ ನೋಡಿದಳು. ಒಂದು ಕೇಬಲ್ ಕಿತ್ತಳು, ಕೆಲಸ ನಿಲ್ಲಲಿಲ್ಲ. ಇನ್ನೊಂದನ್ನು ಕಿತ್ತಳು, ಆಗಲೂ ನಿಲ್ಲಲಿಲ್ಲ. ಆಮೇಲೆ ಅವು ತಾವಾಗಿಯೇ ಓಡುವಂತೆ ಸ್ಕ್ರಿಪ್ಟುಗಳಿಗೆ ಸಂಖ್ಯೆ ಕೊಟ್ಟಳು. ಚಿಕ್ಕ ಸಂಖ್ಯೆಯದು ಮೊದಲು ಓಡುವುದು ಅಲ್ಲಿನ ನಿಯಮ. ಡಿಸ್ಕುಗಳೆಲ್ಲ ಹೊಟ್ಟೆಯೊಳಗೇ ಇದ್ದ, ಕ್ರಮದ ಹಂಗೇ ಇಲ್ಲದ ಹಳೆಯ ಸರ್ವರ್‌ನಿಂದ ಆ ಸಂಖ್ಯೆಗಳನ್ನು ಹಾಗೇ ಎತ್ತಿಕೊಂಡಿದ್ದಳು. ಮಲ್ಟಿಪಾತ್‌ನದು ದೊಡ್ಡ ಸಂಖ್ಯೆಯಾಯಿತು, ಡಿಸ್ಕ್ ತೆರೆಯುವುದರದು ಚಿಕ್ಕದು. ಸರ್ವರ್ ಆರಿಸಿ ಹಚ್ಚಿದಳು, ಚಿತ್ರಗಳು ಬಂದವು, ಖುಷಿಯಾದಳು. ಮತ್ತೆ ಕೇಬಲ್ ಕೀಳಲು ಹೋಗಲಿಲ್ಲ.

"ಅತ್ತಿಗೆ, ಒಂದ್ಸಲ ನೋಡ್ತೀರಾ? ನೀವು ನೋಡಿದ್ರೆ ನಂಗೆ ಧೈರ್ಯ."

ಅಕ್ಕ ಅವಳ ಕುರ್ಚಿಯಲ್ಲಿ ಕೂತು ಪರದೆಯ ಮೇಲಿನ ಸ್ಕ್ರಿಪ್ಟುಗಳ ಸಾಲುಗಳನ್ನು ಮೇಲಿನಿಂದ ಬೆರಳಿಟ್ಟು ಓದುತ್ತಾ ಬಂದಳು. ಬೆರಳು ಒಂದು ಕಡೆ ನಿಂತಿತು. ಮಲ್ಟಿಪಾತ್ ಕೆಳಗೆಲ್ಲೋ ಇರುವುದು ಅವಳಿಗೆ ಕಂಡಿತು. ಕಂಡೊಡನೆ ಬಾಯಿ ತೆರೆದೂ ತೆರೆದಿದ್ದಳು, "ಇದು ಮೇಲಕ್ಕೆ ಹೋಗ್ಬೇಕಲ್ಲೇ ಹುಡುಗಿ" ಎನ್ನಬೇಕು. ಅಷ್ಟರಲ್ಲಿ ನಾದಿನಿಯ ಫೋನ್ ಅದುರಿತು. ತಮ್ಮನದು. ನಾದಿನಿ ಆ ಕಡೆ ತಿರುಗಿ, ಕೈ ಅಡ್ಡ ಹಿಡಿದು, ತಗ್ಗಿದ ದನಿಯಲ್ಲಿ "ಹೂಂ... ಇಲ್ಲೇ ಇದಾರೆ, ಆಮೇಲೆ ಮಾಡ್ತೀನಿ" ಎಂದು ನಕ್ಕಳು.

ಅಕ್ಕನ ಬೆರಳು ಕೆಳಗಿನ ಸಾಲಿಗೆ ಜಾರಿತು.

"ಹೇಗಿದೆ ಅತ್ತಿಗೆ?"

"ಚೆನ್ನಾಗಿದೆ. ಬಿಡು, ನಿನಗೆ ನಾನೇನು ಹೇಳ್ಕೊಡೋದು."

ಆ ಮಾತನ್ನು ಆಡಿದ್ದು ದುಡುಕಿನಲ್ಲಿ ಎನ್ನಬಹುದು. ಆದರೆ ಆಮೇಲೂ ಬೇಕಾದಷ್ಟು ದಿನ ಇತ್ತು. ದಿನಾ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋಗುತ್ತಿದ್ದರು, ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ನಾದಿನಿ ತಟ್ಟೆಗೆ ಬಡಿಸುವಾಗ ಅಕ್ಕ ಅವಳ ಬಳೆಗಳನ್ನೇ ನೋಡುತ್ತಾ, ಇವತ್ತು ಹೇಳಲೇ, ನಾಳೆ ಹೇಳಲೇ ಎಂದುಕೊಳ್ಳುವಳು. ಹೇಳದೆ ಇಟ್ಟುಕೊಂಡದ್ದಕ್ಕೆ ಒಂದು ರುಚಿ ಇತ್ತು. ಬಹಳ ಕಾಲದ ಮೇಲೆ ಈ ಮನೆಯಲ್ಲಿ ಅವಳಿಗೊಬ್ಬಳಿಗೇ ಗೊತ್ತಿರುವ ಸಂಗತಿಯೊಂದಿತ್ತು.

ಆಸ್ಪತ್ರೆಗೆ ದಾನ ಕೊಟ್ಟ ದೊಡ್ಡ ಮನುಷ್ಯರು ಹೊಸ ಸ್ಟೋರೇಜ್ ನೋಡಲು ಬರುವ ದಿನ ಗೊತ್ತಾದಾಗ ಆ ರುಚಿಗೆ ಒಂದು ರೂಪ ಬಂತು. ಎಲ್ಲರ ಎದುರು ಇವಳು ಕೇಬಲ್ ಕೀಳಬೇಕು, ಪರದೆ ನಿಲ್ಲಬೇಕು, ಮುಖ ಕಪ್ಪಿಡಬೇಕು. ಆಗ ತಾನು ಎದ್ದು ಹೋಗಿ ಸರಿ ಮಾಡಬೇಕು. ಅಷ್ಟೇ. ಅದಕ್ಕಿಂತ ದೊಡ್ಡದೇನನ್ನೂ ಅವಳು ಬಯಸಿರಲಿಲ್ಲ. ಬೆಳಿಗ್ಗೆ ಮರೆಯದೆ ಆಪರೇಷನ್ ಥಿಯೇಟರಿನ ಬೋರ್ಡು ನೋಡಿಕೊಂಡು ಬಂದಳು. ಅವರು ಬರುವ ಹೊತ್ತಿಗೆ ಯಾವ ಆಪರೇಷನ್ನೂ ಇರಲಿಲ್ಲ.

ದೊಡ್ಡ ಮನುಷ್ಯರು ಬಂದರು. ಸರ್ವರ್ ಕೋಣೆಯ ಚಳಿಗೆ ಕೈ ಉಜ್ಜಿಕೊಳ್ಳುತ್ತಾ ನಿಂತರು. ನಾದಿನಿ ಹೊಸ ಸೀರೆಯುಟ್ಟು ಎಲ್ಲವನ್ನೂ ಚೆಂದವಾಗಿ ವಿವರಿಸಿದಳು. ಒಬ್ಬರು, "ಒಂದು ವೈರು ಕಟ್ ಆದ್ರೆ ಏನಮ್ಮ ಗತಿ?" ಎಂದು ಕೇಳಿದರು.

"ಏನೂ ಆಗಲ್ಲ ಸಾರ್. ಇನ್ನೊಂದ್ರಲ್ಲಿ ನಡೆಯುತ್ತೆ."

"ಬಾಯಲ್ಲಿ ಯಾಕೆ ಹೇಳ್ತೀಯ? ಕಿತ್ತೇ ತೋರಿಸು" ಎಂದಳು ಅಕ್ಕ ಹಿಂದಿನಿಂದ, ಮಗಳನ್ನು ಮುಂದೆ ತಳ್ಳುವ ತಾಯಿಯ ದನಿಯಲ್ಲಿ. "ಹಸಿರು ಟೇಪಿಂದು ಕೀಳು."

ಸರ್ವರ್ ಹಿಡಿದು ನಿಂತಿದ್ದ ಒಂಟಿ ದಾರಿ ಅದೇ ಹಸಿರು ಟೇಪಿನ ಕೇಬಲ್ ಎನ್ನುವುದು ಅವಳಿಗೆ ಗೊತ್ತಿತ್ತು. ಹಿಂದಿನ ದಿನ ನೋಡಿಕೊಂಡಿದ್ದಳು.

ನಾದಿನಿ ಅವಳತ್ತ ತಿರುಗಿ ಕೃತಜ್ಞತೆಯಿಂದ ನಕ್ಕು, ಬಗ್ಗಿ, ಹಸಿರು ಕೇಬಲನ್ನು ಹಿಡಿದು ಎಳೆದಳು.

ಪರದೆಯ ಮೇಲಿನ ಚಿತ್ರ ಅಲ್ಲಾಡಲಿಲ್ಲ. ಎಲ್ಲರೂ ತಲೆದೂಗಿದರು. ನಾದಿನಿ ಮುಂದಿನ ಚಿತ್ರ ತೆರೆಯಲು ಗುಂಡಿ ಒತ್ತಿದಳು. ಬರಲಿಲ್ಲ. ಮತ್ತೆ ಒತ್ತಿದಳು. ಅವಳ ಕಿವಿಯ ತುದಿ ಕೆಂಪಾಯಿತು. ಕೇಬಲನ್ನು ಮತ್ತೆ ಸಿಕ್ಕಿಸಿದಳು. ಆಗಲೂ ಬರಲಿಲ್ಲ. ಹಾಗೆ ಸಿಕ್ಕಿಕೊಂಡ ಸರ್ವರನ್ನು ಪೂರ್ತಿ ಆರಿಸಿ ಹಚ್ಚದೆ ಬೇರೆ ದಾರಿ ಇಲ್ಲ ಎನ್ನುವುದು ಅಕ್ಕನಿಗೆ ಗೊತ್ತಿತ್ತು. ಆದರೂ ಕೈಕಟ್ಟಿ ನಿಂತಳು. ಇನ್ನು ಸ್ವಲ್ಪ ಬೆವರಲಿ ಎಂದುಕೊಂಡಳು. ದೊಡ್ಡ ಮನುಷ್ಯರಲ್ಲೊಬ್ಬರು ಕೆಮ್ಮಿದರು.

ಗೋಡೆಯ ಫೋನ್ ಹೊಡೆದುಕೊಂಡಿತು. ಎತ್ತಿದವಳು ಅಕ್ಕ. ಥಿಯೇಟರಿನ ನರ್ಸ್.

"ಅಕ್ಕಾವ್ರೆ, ಸ್ಕ್ಯಾನಿನ ಮುಂದಿನ ಚಿತ್ರ ಪರದೆಗೆ ಬರ್ತಿಲ್ಲ. ಡಾಕ್ಟ್ರು ಕಿವಿ ಹಿಂದೆ ತೆರೆದಿದಾರೆ. ಬೇಗ ತರ್ಸಿ."

"ಈ ಹೊತ್ತಿಗೆ ಯಾರದ್ದೂ ಇರ್ಲಿಲ್ಲವಲ್ಲ."

"ನಾಳೆದು ಇವತ್ತಿಗೆ ತಂದ್ರು. ನಮ್ಮ ಲಿಫ್ಟ್ ತಾತಂದು."

ಅಕ್ಕ ಆಮೇಲೆ ಓಡಿದಳು, ನಾದಿನಿಯನ್ನು ಬದಿಗೆ ತಳ್ಳಿ ಸರ್ವರ್ ಆರಿಸಿದಳು, ಹಚ್ಚಿದಳು. ಅದು ಎದ್ದೇಳಲು ತನ್ನ ಹೊತ್ತು ತೆಗೆದುಕೊಂಡಿತು. ಮೇಲೆ ಡಾಕ್ಟರು ಕಾದರು, ರಕ್ತ ನಿಲ್ಲದಿದ್ದಾಗ ಕಾಯುವುದು ಬಿಟ್ಟು ನೆನಪಿನ ಮೇಲೆ ಕೈಯಾಡಿಸಿದರು. ಚಿತ್ರ ಮರಳಿ ಬರುವ ಹೊತ್ತಿಗೆ ಮುಖಕ್ಕೆ ಹೋಗುವ ನರ ತುಂಡಾಗಿತ್ತು.

ತಾತ ಬದುಕಿದ. ಅರ್ಧ ಮುಖ ಜೋತುಬಿತ್ತು. ಒಂದು ಕಣ್ಣು ಮುಚ್ಚುತ್ತಿರಲಿಲ್ಲ, ನಿದ್ದೆಯಲ್ಲೂ ತೆರೆದೇ ಇರುತ್ತಿತ್ತು. ಕುಡಿದ ನೀರು ಬಾಯಿಯ ಅಂಚಿನಿಂದ ಸೋರುತ್ತಿತ್ತು. ಕರುಣೆಯಿಂದ ಅವನನ್ನು ಅದೇ ಸ್ಟೂಲ್ ಮೇಲೆ ಕೂರಿಸಿದರು. ಲಿಫ್ಟಿಗೆ ಬಂದ ಮಕ್ಕಳು ಅವನನ್ನು ಕಂಡು ಅಮ್ಮಂದಿರ ಸೆರಗಿನ ಹಿಂದೆ ಸರಿಯುತ್ತಿದ್ದವು. ಅಕ್ಕ ಮಂಡಿನೋವಿದ್ದರೂ ಮೆಟ್ಟಿಲು ಹತ್ತತೊಡಗಿದಳು.

ವಿಚಾರಣೆ ನಿರ್ದೇಶಕರ ಕೋಣೆಯಲ್ಲಿ ನಡೆಯಿತು. ಸಂಖ್ಯೆ ತಪ್ಪಿದ್ದು ನನ್ನಿಂದಲೇ ಎಂದು ನಾದಿನಿ ಮೊದಲೇ ಒಪ್ಪಿಕೊಂಡಳು. ಆಮೇಲೆ, "ಆದ್ರೆ ಅತ್ತಿಗೆ ಒಂದ್ಸಲ ನೋಡಿದ್ರು. ಅವರು ಚೆನ್ನಾಗಿದೆ ಅಂದ್ಮೇಲೇ ನಾನು ಮುಂದುವರಿಸಿದ್ದು" ಎಂದಳು. ದೂರುವ ದನಿಯಲ್ಲಿ ಅಲ್ಲ. ಇಬ್ಬರಿಗೂ ಕಾಣದೆ ಹೋಯಿತಲ್ಲ ಎನ್ನುವ ದನಿಯಲ್ಲಿ.

ನಿರ್ದೇಶಕರು ಅಕ್ಕನತ್ತ ನೋಡಿದರು. ನೋಡಿದ್ದೆ, ಕಾಣಲಿಲ್ಲ ಎಂದಿದ್ದರೂ ಅರ್ಧ ತಪ್ಪು ಹಂಚಿಹೋಗುತ್ತಿತ್ತು, ಇಬ್ಬರಿಗೂ ಒಂದಿಷ್ಟು ಬೈಗುಳ ಬಿದ್ದು ಮುಗಿಯುತ್ತಿತ್ತು. ಅಕ್ಕನಿಗೂ ಅದು ಹೊಳೆಯಿತು. ಆದರೆ ಲಿಫ್ಟ್ ತಾತನ ತೆರೆದ ಕಣ್ಣಿನಲ್ಲಿ ತನಗೂ ಒಂದು ಪಾಲು ಬರುತ್ತದೆ ಎನ್ನುವುದನ್ನು ಅವಳಿಂದ ಹೊರಲಾಗಲಿಲ್ಲ. ಪೂರ್ತಿ ನಾದಿನಿಯ ತಲೆಗೇ ಇರಲಿ ಎನ್ನಿಸಿತು.

"ನಂಗೆ ಅವಳು ತೋರ್ಸೇ ಇಲ್ಲ ಸಾರ್" ಎಂದಳು. "ತೋರ್ಸಿದ್ರೆ ನಾನು ಬಿಡ್ತಿದ್ನಾ? ಈ ಕೆಲಸ ಅವಳಿಗೆ ಕಲಿಸಿದ್ದೇ ನಾನು."

ನಾದಿನಿಗೆ ಅಲ್ಲಿಯವರೆಗೆ ಅನುಮಾನವೇ ಬಂದಿರಲಿಲ್ಲ ಎನ್ನುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ಈಗ ಒಂದೊಂದಾಗಿ ಎಲ್ಲ ಅವಳಿಗೆ ತಿಳಿಯುತ್ತಾ ಬಂದದ್ದೂ ಕಂಡಿತು. ಅಕ್ಕ ಕಿಟಕಿಯ ಕಡೆ ನೋಡಿದಳು.

ಆ ಸಂಜೆಯೇ ನಾದಿನಿಯ ಕೆಲಸ ಹೋಯಿತು. ಮನೆಯಲ್ಲಿ ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳದೆಯೇ ಹೆಂಡತಿಯ ಮೇಲೆ ಹರಿಹಾಯ್ದ. "ಅಕ್ಕನ ಮೇಲೆ ಹಾಕೋಕೆ ಹೋಗಿದ್ಯಲ್ಲ, ನಾಲಿಗೆ ಹೇಗೆ ಬಂತು ನಿಂಗೆ? ನನ್ನನ್ನ ಸಾಕಿದೋಳು ಅವಳು."

"ರೀ, ಅವರು ನೋಡಿದ್ರು. ಅವರ ಬೆರಳು ಆ ಸಾಲಿನ ಮೇಲೆ ನಿಂತಿತ್ತು. ನಂಗೆ ಈಗ ನೆನಪಾಗ್ತಿದೆ."

"ಸಾಕು ಮಾಡು. ಹೋಗಿ ಕ್ಷಮೆ ಕೇಳು."

ಅವಳು ಅಡುಗೆಮನೆಗೆ ಬಂದಳು. ಅಕ್ಕ ಒಲೆಯ ಮುಂದೆ ನಿಂತಿದ್ದಳು. ನಾದಿನಿ ಕ್ಷಮೆ ಕೇಳಲಿಲ್ಲ. ಮೆಲ್ಲಗೆ, "ಯಾಕೆ ಅತ್ತಿಗೆ? ನಾನೇನು ಮಾಡಿದ್ದೆ ನಿಮಗೆ?" ಎಂದಳು.

ಅಕ್ಕ ಕಾರಣ ಹುಡುಕಿದರೆ ಸಿಕ್ಕಿದ್ದು ಡಬ್ಬಿಗಳು, ಬಾಗಿಲು, ಒಂದು ಪ್ರಮೋಷನ್ನು. ಯಾವುದನ್ನೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳಲಾಗದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ನೋಡಿದ್ದೆ. ಈಗೇನು? ಹೋಗಿ ಹೇಳು ಅವನಿಗೆ. ನಂಬ್ತಾನಾ ನೋಡು."

ನಾದಿನಿ ಹೇಳಿದಳೋ ಇಲ್ಲವೋ, ಅಕ್ಕನಿಗೆ ಕೇಳಿಸಲಿಲ್ಲ. ಕೋಣೆಯಿಂದ ಕೇಳಿದ್ದು ತಮ್ಮನ ದನಿ ಮಾತ್ರ. ಬೆಳಗಾಗುವಾಗ ನಾದಿನಿ ಚೀಲ ಹಿಡಿದು ಹೊರಟಳು. ತಮ್ಮ ಬೀದಿಯ ತುದಿಯವರೆಗೂ ಹೋಗಲಿಲ್ಲ. ಹೊಸಿಲಿನಲ್ಲಿ ನಿಂತು ಅವಳು ಬಸ್ಸು ಹತ್ತುವವರೆಗೆ ನೋಡಿ ಒಳಗೆ ಬಂದ.

ಸ್ಟೋರೇಜ್ ಅಕ್ಕನ ಕೈಗೆ ಬಂತು. ಸಂಖ್ಯೆ ತಿದ್ದಲು ಅವಳಿಗೆ ಟೀ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಆಮೇಲೆ ಯಾವ ಕೇಬಲ್ ಕಿತ್ತರೂ ಚಿತ್ರ ನಿಲ್ಲಲಿಲ್ಲ. "ಹಳೆ ಕೈ ಹಳೆ ಕೈಯೇ" ಎಂದರು ನಿರ್ದೇಶಕರು. ಅಡುಗೆಮನೆಯ ಡಬ್ಬಿಗಳು ತಮ್ಮ ಜಾಗಕ್ಕೆ ಮರಳಿದವು. ತಮ್ಮ ಊಟವಾದ ಮೇಲೆ ಅವಳ ಎದುರೇ ಕೂರುತ್ತಿದ್ದ, ಏಕೆಂದರೆ ಕೂರಲು ಬೇರೆ ಜಾಗವಿರಲಿಲ್ಲ. ಅವಳು ಕೇಳಿದ್ದಕ್ಕೆ ಹೂಂ ಎನ್ನುವನು, ಊಹೂಂ ಎನ್ನುವನು. ನಾದಿನಿಗೆ ಬೇರೆಲ್ಲೋ ಕೆಲಸ ಸಿಕ್ಕಿತೆಂದು, ಮದುವೆ ಮುರಿಯಲು ವಕೀಲರನ್ನು ಕಂಡಳೆಂದು ಸುದ್ದಿ ಬಂತು. ವಕೀಲರ ಕಾಗದ ಬಂದಾಗ ತಮ್ಮ ಓದಿ, ರುಜು ಹಾಕಿ, ಮಡಿಸಿ ಕಳಿಸಿದ.

ಅದಾದ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಉಣ್ಣುತ್ತಿದ್ದರು. ತಮ್ಮ ತಲೆ ಎತ್ತದೆ ಕೇಳಿದ. "ಅಕ್ಕ, ಆ ಸ್ಕ್ರಿಪ್ಟು ನೀನು ನೋಡಿದ್ಯಾ?"

ಅವಳಿಗೆ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಯಾಕೋ ಅದನ್ನು ಎತ್ತುವಷ್ಟು ಶಕ್ತಿ ಬರಲಿಲ್ಲ. ಹೇಳಿದರೆ ಕೂಗಾಡಲಿ, ತಟ್ಟೆ ಎಸೆಯಲಿ, ಮೌನಕ್ಕಿಂತ ಅದೇ ವಾಸಿ ಎನ್ನಿಸಿತು.

"ನೋಡಿದ್ದೆ ಕಣೋ."

ತಮ್ಮ ತುತ್ತು ನುಂಗಿದ. "ನಂಗೊತ್ತಿತ್ತು" ಎಂದ.

"ಏನು ಗೊತ್ತಿತ್ತು?"

"ಅವತ್ತೇ ಗೊತ್ತಿತ್ತು. ನನ್ನ ಅಂಗೀಲಿ ಒಂದು ಹೊಲಿಗೆ ಬಿಟ್ಟಿದ್ರೆ ದೂರದಿಂದ್ಲೇ ಹಿಡೀತಿದ್ದೋಳು ನೀನು. ನಿಂಗೆ ಅದು ಕಾಣ್ಲಿಲ್ಲ ಅಂದ್ರೆ ನಾನು ನಂಬ್ತೀನಾ?"

"ಮತ್ತೆ ಅವಳನ್ನ ಯಾಕೋ ಕಳಿಸ್ದೆ?"

ಅವನು ತಟ್ಟೆಯ ಅಂಚಿಗೆ ಅಂಟಿದ್ದ ಅನ್ನವನ್ನು ಬೆರಳಿನಿಂದ ಒಳಗೆ ಸರಿಸಿದ. ನಿಜವಾಗಿಯೂ ಉತ್ತರ ಹುಡುಕುತ್ತಿದ್ದಂತೆ ಕಂಡಿತು.

"ಅವಳ ಜೊತೆ ಜಗಳ ಆಡೋದು ಸುಲಭ ಇತ್ತು. ನಿನ್ನ ಜೊತೆ ಆಡಿ ಅಭ್ಯಾಸ ಇಲ್ಲ."

ಅಷ್ಟು ಹೇಳಿ ತಟ್ಟೆಯಲ್ಲಿ ಉಳಿದದ್ದನ್ನು ಪೂರ್ತಿ ಉಂಡ. ಅವನು ತಟ್ಟೆಯಲ್ಲಿ ಏನನ್ನೂ ಬಿಡುವವನಲ್ಲ, ಹಾಗೆ ಬೆಳೆಸಿದ್ದಳು. ಅಕ್ಕನಿಗೆ ಏನೋ ಕೇಳಬೇಕಿತ್ತು. ಇನ್ನು ಮೇಲೆ ಏನು, ನೀನು ಇಲ್ಲಿ ಇರ್ತೀಯಾ, ಅಂಥದ್ದೇನೋ. ಕೇಳುವ ಮೊದಲೇ ಅವನು ಎದ್ದು ಕೈ ತೊಳೆದು, ಟವೆಲಿಗೆ ಒರೆಸಿಕೊಂಡು, "ಸಂಜೆ ನಂಗೆ ಅಡುಗೆ ಬೇಡ, ಹೊರಗೆ ಮುಗಿಸ್ಕೊಂಡ್ ಬರ್ತೀನಿ" ಎಂದ.

ಅಂದಿನಿಂದ ಅವನು ಮನೆಯಲ್ಲಿ ಉಣ್ಣಲಿಲ್ಲ. ಮನೆ ಬಿಟ್ಟೂ ಹೋಗಲಿಲ್ಲ. ಬಿಟ್ಟು ಹೋಗಿದ್ದರೆ ಅಕ್ಕ ಯಾರ ಮುಂದಾದರೂ ಅಳಬಹುದಿತ್ತು. ದಿನಾ ಅವಳು ಇಬ್ಬರಿಗೂ ಅಡುಗೆ ಮಾಡಿ ಅವನ ಪಾಲನ್ನು ಮುಚ್ಚಿಡುವಳು. ದಿನಾ ಅವನು ಬಂದು, ಮುಚ್ಚಳ ಎತ್ತಿ ನೋಡಿ, ಮತ್ತೆ ಮುಚ್ಚಿ, ತನ್ನ ಕೋಣೆಗೆ ಹೋಗುವನು. ಯಾಕೆ ಎತ್ತಿ ನೋಡುತ್ತಾನೆ ಎಂದು ಅವಳು ಕೇಳಲಿಲ್ಲ, ಅಡುಗೆ ಮಾಡುವುದನ್ನೂ ನಿಲ್ಲಿಸಲಿಲ್ಲ.